ಒಂಬತ್ತನೇ ಕ್ಲಾಸಿಗೆ ನಾಡಿ ಎಣಿಸುವುದು ಕಲಿಸಿದೆ, ಒಂದು ಲೆಕ್ಕ ಮಾತ್ರ ಕೂಡಿ ಬರುತ್ತಿಲ್ಲ

ಮಂಡ್ಯದ_ಪಿಟಿ_ಮೇಷ್ಟ್ರು · ಸೋಮವಾರ ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಮದ್ದೂರು ಕಡೆಯ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು ನಾನು. ಮಳೆ ಬಂದ ದಿನ ಪಿಟಿ ಪೀರಿಯಡ್ ಅಂದರೆ ಗಣಿತದವರ ಪಾಲು. ಎಷ್ಟೋ ವರ್ಷ ಸುಮ್ನೆ ಬಿಟ್ಟುಕೊಟ್ಟಿದ್ದೇನೆ. ಈ ಸಲ ಕೊಡಲಿಲ್ಲ. ಓಡಿದಾಗ ಮೈಯೊಳಗೆ ಏನಾಗುತ್ತದೆ ಅಂತ ಕಲಿಸೋಣ ಅನ್ನಿಸಿತು. ದಿನಾ ಓಡಿಸುತ್ತೇವೆ, ಯಾಕೆ ಏದುಸಿರು ಬರುತ್ತದೆ ಅಂತ ಒಂದು ದಿನವೂ ಹೇಳುವುದಿಲ್ಲ, ಅಲ್ವಾ?

ಲ್ಯಾಬ್ ಇಲ್ಲ, ಯಂತ್ರ ಇಲ್ಲ. ಇರುವುದು ಒಂದು ಸಿಮೆಂಟಿನ ವೇದಿಕೆ. ಅಳೆದರೆ 41 ಸೆಂಟಿಮೀಟರ್ ಎತ್ತರ. ಮಾರ್ಚ್‌ಪಾಸ್ಟಿನ ಡ್ರಮ್ ಬಾರಿಸಿ, ನಿಮಿಷಕ್ಕೆ ಹುಡುಗರಿಗೆ 24 ಸಲ, ಹುಡುಗಿಯರಿಗೆ 22 ಸಲ ಹತ್ತಿ ಇಳಿಸಿದೆ. ಒಟ್ಟು 3 ನಿಮಿಷ. ನಿಂತ 5 ಸೆಕೆಂಡಿಗೆ ನಾಡಿ ಹಿಡಿದು 15 ಸೆಕೆಂಡ್ ಎಣಿಸಿ 4ರಿಂದ ಗುಣಿಸುವುದು. ಒಂದು ನಿಮಿಷ ಬಿಟ್ಟು ಮತ್ತೆ ಎಣಿಸುವುದು. ಮಕ್ಕಳಿಗೆ ಇದು ಜಾತ್ರೆಯ ಹಾಗಾಯಿತು.

ಹೆಚ್ಚಿನವರಿಗೆ ಮೊದಲು 150ರ ಆಸುಪಾಸು, ಒಂದು ನಿಮಿಷದ ನಂತರ 116, 120 ಹೀಗೆ ಬಂತು. ಒಬ್ಬ ಹುಡುಗಿಯದು ಮಾತ್ರ ಮೊದಲು 184, ಆಮೇಲೆ 160. ಕೂತು ಸುಧಾರಿಸಿಕೊಂಡ ಮೇಲೂ 96. ವಿಚಿತ್ರ ಏನೆಂದರೆ ನಮ್ಮ ಖೋಖೋ ತಂಡದಲ್ಲಿ ಅವಳಷ್ಟು ಚುರುಕು ಯಾರೂ ಇಲ್ಲ. ತುಂಬಾ ಆಡುವವರ ನಾಡಿ ಕಡಿಮೆ ಇರುತ್ತದೆ ಅಂತ ನಾನೇ ಬೋರ್ಡಿನ ಮೇಲೆ ಬರೆದಿದ್ದೆ. ಹಿಂದಿನ ಬೆಂಚಿನವರು ನಕ್ಕರು. ನನ್ನ ಪಾಠ ತಪ್ಪೋ, ಎಣಿಕೆ ತಪ್ಪೋ?

ತಿದ್ದಿದ್ದು: ಹುಡುಗಿಯ ಬಗ್ಗೆ ಬರೆದಿದ್ದ ಎರಡು ವಿವರ ತೆಗೆದಿದ್ದೇನೆ. ಕಾರಣ ಕೆಳಗೆ ಸಿಗುತ್ತದೆ.

ವಿಜ್ಞಾನದ_ಮೇಡಂ · ಸೋಮವಾರ ರಾತ್ರಿ 9:48

ಮೊದಲು ಎಣಿಕೆಯನ್ನೇ ಅನುಮಾನಿಸಿ ಸಾರ್. ಮಕ್ಕಳು ಹೆಬ್ಬೆರಳಲ್ಲಿ ನಾಡಿ ಹಿಡಿಯುತ್ತಾರೆ. ಹೆಬ್ಬೆರಳಿಗೇ ಅದರದೇ ಬಡಿತ ಇರುತ್ತದೆ, ಎರಡೂ ಕಲಸಿಹೋಗುತ್ತವೆ. ತೋರುಬೆರಳು, ನಡುಬೆರಳು ಎರಡರಲ್ಲಿ ಹಿಡಿಸಿ. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕಡೆ. ಇನ್ನೊಂದು, ಗಡಿಯಾರ ಶುರು ಮಾಡುವಾಗ ಬರುವ ಬಡಿತವನ್ನು ಸೊನ್ನೆ ಅನ್ನಬೇಕು, ಒಂದು ಅನ್ನಬಾರದು. 15 ಸೆಕೆಂಡಿನಲ್ಲಿ ಒಂದು ತಪ್ಪಿದರೆ ನಿಮ್ಮ ಲೆಕ್ಕದಲ್ಲಿ 4 ತಪ್ಪುತ್ತದೆ.

ಊಟವಾದ ತಕ್ಷಣ ಮಾಡಿಸಿದಿರಾ? ಹೆದರಿದ್ದಳಾ? ಬಸ್ಸು ತಪ್ಪಿ ಓಡಿ ಬಂದಿದ್ದಳಾ? ಸುಮ್ಮನೆ ಕೂತಾಗಿನ ನಾಡಿಯನ್ನು ಮೂರು ದಿನ, ಬೆಳಗ್ಗೆ ಮೊದಲ ಪೀರಿಯಡ್ಡಿನಲ್ಲಿ, ಇಬ್ಬರು ಬೇರೆ ಬೇರೆಯಾಗಿ ಎಣಿಸಲಿ. ಇಬ್ಬರ ಲೆಕ್ಕ ಸೇರಿದರೆ ಮಾತ್ರ ನಂಬಿ.

ಅಂದಹಾಗೆ ಪಿಟಿ ಪೀರಿಯಡ್ ಕಸಿದುಕೊಳ್ಳುವವರಲ್ಲಿ ನಾನೂ ಒಬ್ಬಳು. ಓದಿ ನಾಚಿಕೆಯಾಯಿತು.

ಬೋಗಾದಿ_ಅಪ್ಪ · ಸೋಮವಾರ ರಾತ್ರಿ 10:05

ತಪ್ಪು ತಿಳಿಯಬೇಡಿ. ಎಸ್ಸೆಸ್ಸೆಲ್ಸಿಯ 625ರಲ್ಲಿ ಇದಕ್ಕೆ ಎಷ್ಟು? ನನ್ನ ಮಗನಿಗೂ ಆಟ ಇಷ್ಟ. ಸಂಜೆ ಟ್ಯೂಷನ್ ಬಿಟ್ಟು ಮೈದಾನಕ್ಕೆ ಹೋಗುತ್ತಾನೆ. ಈಗ ಆಟದಲ್ಲೂ ಪಾಠ ಅಂದರೆ ಎರಡೂ ಕೆಡುತ್ತದೆ ಅನ್ನಿಸುತ್ತದೆ.

ಪಿಯು_ಬಯಾಲಜಿ · ಸೋಮವಾರ ರಾತ್ರಿ 10:31

625ರಲ್ಲಿ ಸೊನ್ನೆ. ಆದರೆ ಎರಡೇ ವರ್ಷ ಕಾಯಿರಿ. ಮೊದಲ ಪಿಯು ಬಯಾಲಜಿಯಲ್ಲಿ ಉಸಿರಾಟ, ರಕ್ತ ಪರಿಚಲನೆ, ಚಲನೆ ಅಂತ ಮೂರು ಪಾಠ ಇವೆ. ಹೃದಯ ಒಂದು ಸಲ ಹಿಂಡಿದರೆ ಸುಮಾರು 70 ಮಿಲಿಲೀಟರ್ ರಕ್ತ. ನಿಮಿಷಕ್ಕೆ 72 ಸಲ. ಗುಣಿಸಿದರೆ ಸುಮಾರು 5 ಲೀಟರ್. ಇದನ್ನು ನಮ್ಮ ಹುಡುಗರು ಬಾಯಿಪಾಠ ಮಾಡುತ್ತಾರೆ. ನೀಟ್‌ಗೂ ಇದೇ ಬರುತ್ತದೆ. ಮೇಷ್ಟ್ರ ಕ್ಲಾಸಿನ ಮಕ್ಕಳು ಅದನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿದ್ದಾರೆ. ಯಾರಿಗೆ ನೆನಪಿರುತ್ತದೆ, ನೀವೇ ಹೇಳಿ.

ಸಿಬಿಎಸ್‌ಇಯಲ್ಲಾದರೆ 11, 12ಕ್ಕೆ ದೈಹಿಕ ಶಿಕ್ಷಣ ಅಂತಲೇ ವಿಷಯ ತೆಗೆದುಕೊಳ್ಳಬಹುದು. 70 ಅಂಕ ಬರವಣಿಗೆ, 30 ಪ್ರಾಕ್ಟಿಕಲ್. ಕ್ರೀಡೆಯಲ್ಲಿ ದೇಹದ ಕೆಲಸ, ಗಾಯ ಅಂತ ಅದರಲ್ಲಿ ಒಂದು ಘಟಕವೇ ಇದೆ.

ಗರಡಿ_ಹುಡುಗ · ಮಂಗಳವಾರ ಬೆಳಗ್ಗೆ 6:10

ನಮ್ಮ ಉಸ್ತಾದರಿಗೆ ಈ ಯಾವ ಪಾಠವೂ ಗೊತ್ತಿರಲಿಲ್ಲ. ಆದರೆ ಬಸ್ಕಿ ಹೊಡೆಸುವಾಗ ನಾವೇ ಗಟ್ಟಿಯಾಗಿ ಎಣಿಸಬೇಕಿತ್ತು. ಎಣಿಕೆ ತಡವರಿಸಿತು ಅಂದರೆ ನಿಲ್ಲಿಸು ಅನ್ನುತ್ತಿದ್ದರು. ಆಗ ಅದು ಶಿಸ್ತಿಗೆ ಅಂದುಕೊಂಡಿದ್ದೆ. ಮಾತಾಡಲು ಉಸಿರು ಸಾಲುತ್ತಿಲ್ಲ ಅಂದರೆ ಮೈ ಎಷ್ಟು ಬೇಯುತ್ತಿದೆ ಅಂತ ಅವರಿಗೆ ತಿಳಿಯುತ್ತಿತ್ತು. ನಾಡಿ ಹಿಡಿಯದೆ ನಾಡಿ ನೋಡುವುದು ಅಂತ ಈಗ ಅರ್ಥವಾಗಿದೆ.

ದಸರಾ ಕುಸ್ತಿ ಹತ್ತಿರ ಬಂದಾಗ ಸಾಮು ಜಾಸ್ತಿಯಾಗಿ, ಮಾರನೇ ದಿನ ಏಳಲಿಕ್ಕೇ ಆಗುತ್ತಿರಲಿಲ್ಲ. ಮಾಂಸಖಂಡದಲ್ಲಿ ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿರುತ್ತದೆ, ಎಣ್ಣೆ ಹಾಕಿ ತಿಕ್ಕಿದರೆ ಹೋಗುತ್ತದೆ. ಇದನ್ನೂ ಮಕ್ಕಳಿಗೆ ಹೇಳಿ ಮೇಷ್ಟ್ರೇ.

ಕುಕ್ಕರಹಳ್ಳಿ_ಮುಂಜಾನೆ · ಮಂಗಳವಾರ ಬೆಳಗ್ಗೆ 8:15

ದಯವಿಟ್ಟು ಅದನ್ನು ಮಾತ್ರ ಹೇಳಬೇಡಿ! ಮೂವತ್ತು ವರ್ಷ ಫಿಸಿಯಾಲಜಿ ಪಾಠ ಮಾಡಿ ನಿವೃತ್ತನಾಗಿದ್ದೇನೆ. ಕೆರೆ ಏರಿಯ ಮೇಲೆ ವಾಕಿಂಗ್ ಮಾಡುವಾಗ ವಾರಕ್ಕೆ ಒಬ್ಬರಾದರೂ ಈ ಮಾತು ಹೇಳುತ್ತಾರೆ.

ಜೋರಾಗಿ ಓಡಿದಾಗ ಲ್ಯಾಕ್ಟಿಕ್ ಆಮ್ಲ ಜಾಸ್ತಿಯಾಗುವುದು ನಿಜ. ಆದರೆ ನಿಂತ ಮೇಲೆ ಸುಮಾರು ಒಂದು ಗಂಟೆಯೊಳಗೆ ರಕ್ತದಲ್ಲಿ ಅದು ಮೊದಲಿನ ಮಟ್ಟಕ್ಕೆ ಬಂದುಬಿಡುತ್ತದೆ. ಮಾರನೇ ದಿನದ ತನಕ ಕಾಯುವುದಿಲ್ಲ. ಹೃದಯ ಅದನ್ನೇ ಉರುವಲಾಗಿ ಸುಡುತ್ತದೆ. ಲಿವರ್ ಅದರಿಂದ ಮತ್ತೆ ಸಕ್ಕರೆ ಮಾಡುತ್ತದೆ. ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆಯನ್ನೇ ಒಣಗಿಸಿ ಒಲೆಗೆ ಹಾಕುತ್ತಾರಲ್ಲ, ಹಾಗೆ. ಅದು ಕಸ ಅಲ್ಲ.

ಹಾಗಾದರೆ ಕೆಟ್ಟ ಹೆಸರು ಹೇಗೆ ಬಂತು? 1907ರಲ್ಲಿ ಫ್ಲೆಚರ್, ಹಾಪ್ಕಿನ್ಸ್ ಅಂತ ಇಬ್ಬರು ಕೇಂಬ್ರಿಡ್ಜ್‌ನಲ್ಲಿ ಕಪ್ಪೆಯ ಸ್ನಾಯುವನ್ನು ಕತ್ತರಿಸಿ ತೆಗೆದು ಪರೀಕ್ಷೆ ಮಾಡಿದರು. ಆಮ್ಲಜನಕ ಇಲ್ಲದೆ ಅದು ದಣಿಯುವಾಗ ಈ ಆಮ್ಲ ಸೇರಿಕೊಂಡಿತು. ಆಮ್ಲಜನಕ ಕೊಟ್ಟರೆ ಕರಗಿತು. ಮುಂದೆ ಹಿಲ್ ಮತ್ತು ಮೈಯರ್‌ಹಾಫ್ ಸ್ನಾಯುವಿನ ಕೆಲಸದ ಬಗ್ಗೆ 1922ರ ನೊಬೆಲ್ ಹಂಚಿಕೊಂಡರು. ಎಲ್ಲ ಸರಿಯಾದ ಕೆಲಸವೇ. ಆದರೆ ಕತ್ತರಿಸಿದ ಸ್ನಾಯುವಿಗೆ ರಕ್ತ ಹರಿಯುವುದಿಲ್ಲ, ಆಮ್ಲ ಅಲ್ಲೇ ಉಳಿಯುತ್ತದೆ. ನಮ್ಮದು ಹಾಗಲ್ಲ. ದಣಿವಿನ ಜೊತೆ ಸಿಕ್ಕಿತು ಅಂತ ಎಲ್ಲ ನೋವಿಗೂ ಅದೇ ಕಳ್ಳ ಅಂತ ಜನ ತೀರ್ಮಾನ ಮಾಡಿಬಿಟ್ಟರು.

ಮಾರನೇ ದಿನದ ನೋವು ಬೇರೆಯೇ. ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬಿದ್ದು, ಅಲ್ಲಿ ಉರಿಯೂತ ಆಗಿ ಬರುವ ನೋವು ಅದು. ಒಂದರಿಂದ ಮೂರು ದಿನದೊಳಗೆ ಜಾಸ್ತಿ ಕಾಡುತ್ತದೆ. ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕಾದಾಗ ಈ ಪೆಟ್ಟು ಹೆಚ್ಚು. ನಂಬಿಕೆ ಬರದಿದ್ದರೆ ಚಾಮುಂಡಿ ಬೆಟ್ಟಕ್ಕೆ ಹೋಗಿ. ಒಂದು ಭಾನುವಾರ ಮೆಟ್ಟಿಲು ಹತ್ತಿ, ಬಸ್ಸಲ್ಲಿ ಇಳಿಯಿರಿ. ಎರಡು ವಾರ ಬಿಟ್ಟು ಬಸ್ಸಲ್ಲಿ ಹತ್ತಿ, ಮೆಟ್ಟಿಲು ಇಳಿಯಿರಿ. ಏದುಸಿರು ಹತ್ತುವಾಗ ಬರುತ್ತದೆ. ತೊಡೆ ನೋವು ಇಳಿದವರಿಗೆ ಬರುತ್ತದೆ. ಆಮ್ಲವೇ ಕಾರಣ ಆಗಿದ್ದರೆ ಹತ್ತಿದವರು ನರಳಬೇಕಿತ್ತು.

ಎಣ್ಣೆ ಹಾಕಿ ತಿಕ್ಕಿಸಿಕೊಳ್ಳಿ, ಹಿತವಾಗುತ್ತದೆ. ಅದಕ್ಕೆ ನನ್ನ ತಕರಾರಿಲ್ಲ.

ಗರಡಿ_ಹುಡುಗ · ಮಂಗಳವಾರ ಬೆಳಗ್ಗೆ 8:40

ಸಾರ್, ಬಸ್ಕಿಯಲ್ಲಿ ಕೂರುವುದೂ ಇಳಿಯುವುದೇ ಅಲ್ವಾ. ಒಪ್ಪಿದೆ. ಆದರೆ ಉಸ್ತಾದರ ಮುಂದೆ ಇದನ್ನು ನಾನು ಹೇಳುವುದಿಲ್ಲ.

ವಿಜ್ಞಾನದ_ಮೇಡಂ · ಮಂಗಳವಾರ ಮಧ್ಯಾಹ್ನ 1:25

ನನಗೆ ಪೇಚು ಇಲ್ಲೇ. ಹತ್ತನೇ ಕ್ಲಾಸಿನ ಜೀವಕ್ರಿಯೆಗಳ ಪಾಠದಲ್ಲಿ, ದಿಢೀರನೆ ಜೋರಾಗಿ ಕೆಲಸ ಮಾಡಿದಾಗ ಲ್ಯಾಕ್ಟಿಕ್ ಆಮ್ಲ ಸೇರಿಕೊಂಡು ಸ್ನಾಯು ಸೆಳೆತ ಬರುತ್ತದೆ ಅಂತಲೇ ಇದೆ. ಸೆಳೆತ ಬೇರೆ, ಮಾರನೇ ದಿನದ ನೋವು ಬೇರೆ. ಅದು ಗೊತ್ತು. ಆದರೆ ಸೆಳೆತದ ಮಾತಾದರೂ ಸರಿಯಾ?

ಹತ್ತನೇ_ಬಿ_ಸೆಕ್ಷನ್ · ಮಂಗಳವಾರ ಸಂಜೆ 5:50

ನಮಸ್ತೆ. ನಾನು ಎಸ್ಸೆಸ್ಸೆಲ್ಸಿ. ಪರೀಕ್ಷೆಯಲ್ಲಿ ಯಾವುದು ಬರೀಬೇಕು ಅಂತ ಒಂದೇ ಸಾಲಿನಲ್ಲಿ ಹೇಳಿ ಪ್ಲೀಸ್. ಮೇಲಿನದೆಲ್ಲ ಓದಿ ತಲೆ ತಿರುಗುತ್ತಿದೆ.

ಕುಕ್ಕರಹಳ್ಳಿ_ಮುಂಜಾನೆ · ಮಂಗಳವಾರ ಸಂಜೆ 6:30

ಪುಸ್ತಕದಲ್ಲಿ ಇರುವುದನ್ನೇ ಬರಿ ಪುಟ್ಟ. ಅಂಕ ಅದಕ್ಕೇ.

ಮೇಡಂ, ಸೆಳೆತಕ್ಕೂ ಈ ಆಮ್ಲವನ್ನು ಬಯ್ಯುವುದು ಈಗ ಹಳೆಯದಾಗಿದೆ. ದಣಿದ ಸ್ನಾಯುವಿನ ಮೇಲೆ ನರದ ಹಿಡಿತ ತಪ್ಪಿ ಸೆಳೆತ ಬರುತ್ತದೆ ಅನ್ನುವ ವಾದಕ್ಕೆ ಈಗ ತೂಕ ಜಾಸ್ತಿ. ಮೀನಖಂಡ ಹಿಡಿದುಕೊಂಡಾಗ ಪಾದ ಎಳೆದು ನಿಲ್ಲಿಸಿದರೆ ಕ್ಷಣದಲ್ಲಿ ಬಿಡುತ್ತದೆ, ನೋಡಿದ್ದೀರಲ್ಲ? ಎಳೆದ ಮಾತ್ರಕ್ಕೆ ಆಮ್ಲ ಅಷ್ಟು ಬೇಗ ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಯನ್ನು ಮಕ್ಕಳ ಮುಂದೆ ಇಡಿ. ಪುಸ್ತಕ ಸುಳ್ಳು ಅಂತ ಹೇಳುವುದಕ್ಕಿಂತ ಅದು ಮೇಲು.

ಸೈಕಲ್_ಕೆಆರ್‌ಎಸ್ · ಮಂಗಳವಾರ ರಾತ್ರಿ 9:02

ಮೇಷ್ಟ್ರು ಮಾಡಿಸಿದ್ದಕ್ಕೆ ಸೂತ್ರ ಇದೆ ಕಣ್ರೀ. ಕ್ವೀನ್ಸ್ ಕಾಲೇಜ್ ಸ್ಟೆಪ್ ಟೆಸ್ಟ್. ಹುಡುಗಿಯರಿಗೆ 65.81ರಿಂದ, ನಾಡಿಯನ್ನು 0.1847ರಿಂದ ಗುಣಿಸಿ ಕಳೆಯಬೇಕು. ದೇಹ ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಅಂತ ಬರುತ್ತದೆ, ಕಿಲೋ ತೂಕಕ್ಕೆ ಇಷ್ಟು ಮಿಲಿಲೀಟರ್ ಅಂತ. ನಾಡಿ 152 ಬಂದ ಹುಡುಗಿಗೆ 37.7. ಈ ಹುಡುಗಿಗೆ 31.8. ಅವಳು ಫಿಟ್ ಇಲ್ಲ ಅಷ್ಟೇ. ಸಂಜೆ ಎರಡು ಸುತ್ತು ಜಾಸ್ತಿ ಓಡಿಸಿ. ನನ್ನ ವಾಚ್ ಕೂಡ ಹೀಗೇ ಲೆಕ್ಕ ಕೊಡುತ್ತದೆ. 220ರಿಂದ ವಯಸ್ಸು ಕಳೆದರೆ ಗರಿಷ್ಠ ನಾಡಿ.

ಕುಕ್ಕರಹಳ್ಳಿ_ಮುಂಜಾನೆ · ಮಂಗಳವಾರ ರಾತ್ರಿ 9:30

ಸೂತ್ರ ಸರಿ, ಹಾಕಿದ ಜಾಗ ತಪ್ಪು. ಅದು ಕಾಲೇಜು ವಯಸ್ಸಿನವರನ್ನು ಅಳೆದು ಮಾಡಿದ ಸೂತ್ರ. 14ರ ಮಗುವಿಗೆ ದಶಮಾಂಶದ ಸಮೇತ ಹಾಕಿದರೆ ಅಪ್ಪನ ಅಂಗಿಯನ್ನು ಮಗನಿಗೆ ತೊಡಿಸಿ ಅಳತೆ ಸರಿಯಿಲ್ಲ ಅಂದ ಹಾಗೆ. 220ರ ಲೆಕ್ಕವೂ ಅಷ್ಟೇ. ಹೈಸ್ಕೂಲ್ ವಯಸ್ಸಿನಲ್ಲಿ ಗರಿಷ್ಠ ನಾಡಿ ವರ್ಷಕ್ಕೆ ಒಂದರಂತೆ ಇಳಿಯುವುದಿಲ್ಲ. ಹೆಚ್ಚು ಕಡಿಮೆ 200ರ ಹತ್ತಿರವೇ ನಿಂತಿರುತ್ತದೆ.

ಮಕ್ಕಳನ್ನು ಒಬ್ಬರಿಗೊಬ್ಬರು ಹೋಲಿಸಲೇಬೇಡಿ. ಅದೇ ಮಗುವಿನ ಜೂನ್ ತಿಂಗಳ ಲೆಕ್ಕಕ್ಕೆ ಅದೇ ಮಗುವಿನ ನವೆಂಬರ್ ಲೆಕ್ಕ ಹೋಲಿಸಿ.

ಪಿಎಚ್‌ಸಿ_ಸಿಸ್ಟರ್ · ಮಂಗಳವಾರ ರಾತ್ರಿ 10:44

ಡ್ಯೂಟಿ ಮುಗಿಸಿ ಬಂದು ಓದಿದೆ. ಇಷ್ಟು ಜನ ಬರೆದಿದ್ದೀರಿ, ಒಬ್ಬರಾದರೂ ಆ ಮಗುವಿನ ರಕ್ತದ ಬಗ್ಗೆ ಕೇಳಲಿಲ್ಲವಲ್ಲ!

ಮೇಷ್ಟ್ರೇ, ಸುಮ್ಮನೆ ಕೂತಾಗ 60ರಿಂದ 100ರ ತನಕ ಸಾಮಾನ್ಯ. ಹಾಗಾಗಿ 96 ಒಂದನ್ನೇ ನೋಡಿ ಹೆದರಬೇಡಿ. ಆದರೆ ದಿನಾ ಆಡುವ ಹುಡುಗಿ. ಕೂತಾಗ 96, ಮೂರು ನಿಮಿಷಕ್ಕೆ 184, ಇಳಿಯಲೂ ತಡ. ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಇಷ್ಟು ಕಂಡರೆ ನಾನು ಮೊದಲು ನೋಡುವುದು ಕಣ್ಣಿನ ಕೆಳರೆಪ್ಪೆಯ ಒಳಗಡೆ. ಬಿಳಿಚಿಕೊಂಡಿದೆಯಾ? ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ ಅನ್ನುತ್ತಾಳಾ? ಜ್ವರ, ಭಯ, ಥೈರಾಯ್ಡ್ ಹೀಗೆ ಬೇರೆ ಕಾರಣವೂ ಇರಬಹುದು. ಹಿಮೋಗ್ಲೋಬಿನ್ ಪರೀಕ್ಷೆ ಬೆರಳು ಚುಚ್ಚಿದರೆ ಮುಗಿಯಿತು. 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. 8ರಿಂದ 10.9 ಮಧ್ಯಮ, 8ಕ್ಕಿಂತ ಕೆಳಗೆ ತೀವ್ರ.

ಅಲ್ಲಿಯವರೆಗೆ ಅವಳನ್ನು ಹೆಚ್ಚು ಓಡಿಸುವುದು ಬೇಡ. ಎರಡು ಸುತ್ತು ಜಾಸ್ತಿ ಅಂದವರೇ, ನಿಮಗೂ ಹೇಳುತ್ತಿದ್ದೇನೆ.

ಎರಡು ಮಾತು ಕೋಪದಿಂದಲೇ. ಒಂದು, ಈ ಪೋಸ್ಟಿನಿಂದ ಆ ಊರಿನ ಯಾರಾದರೂ ಹುಡುಗಿ ಯಾರು ಅಂತ ಹಿಡಿದುಬಿಡಬಹುದು. ವಿವರ ತೆಗೆಯಿರಿ. ಕ್ಲಾಸಿನಲ್ಲೂ ಎಲ್ಲರ ನಾಡಿ ಬೋರ್ಡಿನ ಮೇಲೆ ಬರೆಯುವುದು ಬಿಡಿ, ಅವರವರ ನೋಟ್ಸಿನಲ್ಲಿ ಇರಲಿ. ಎರಡು, ಉಬ್ಬಸ, ಹೃದಯದ ತೊಂದರೆ, ತಲೆಸುತ್ತು ಇರುವ ಮಕ್ಕಳು ಯಾರು ಅಂತ ಹತ್ತಿಸುವ ಮುಂಚೆ ಕೇಳಿದಿರಾ?

ಮಂಡ್ಯದ_ಪಿಟಿ_ಮೇಷ್ಟ್ರು · ಮಂಗಳವಾರ ರಾತ್ರಿ 11:15

ಕೇಳಿರಲಿಲ್ಲ ಸಿಸ್ಟರ್. ತಪ್ಪು ನನ್ನದು. ಪೋಸ್ಟ್ ತಿದ್ದಿದ್ದೇನೆ. ಬೋರ್ಡಿನ ಲೆಕ್ಕ ನಾಳೆ ಬೆಳಗ್ಗೆ ಅಳಿಸುತ್ತೇನೆ.

ಒಂದು ಮಾತ್ರ ಅರ್ಥವಾಗುತ್ತಿಲ್ಲ. ರಕ್ತ ಕಡಿಮೆ ಅಂತಾದರೆ ಖೋಖೋದಲ್ಲಿ ಅಷ್ಟು ಚುರುಕು ಹೇಗೆ?

ಕುಕ್ಕರಹಳ್ಳಿ_ಮುಂಜಾನೆ · ಬುಧವಾರ ಬೆಳಗ್ಗೆ 8:20

ಸಿಸ್ಟರ್ ಹೇಳಿದ್ದು ನನಗೆ ಹೊಳೆಯಬೇಕಿತ್ತು. ಆಮ್ಲದ ಜಗಳದಲ್ಲಿ ಮಗುವನ್ನೇ ಮರೆತೆ.

ನಿಮ್ಮ ಪ್ರಶ್ನೆ ಚೆನ್ನಾಗಿದೆ. ಸ್ನಾಯುವಿಗೆ ಮೂರು ಕಡೆಯಿಂದ ಕಾಸು ಬರುತ್ತದೆ ಅಂದುಕೊಳ್ಳಿ. ಮೊದಲನೆಯದು ಜೇಬಿನಲ್ಲೇ ಇರುವ ಚಿಲ್ಲರೆ. ಎಟಿಪಿ, ಕ್ರಿಯಾಟಿನ್ ಫಾಸ್ಫೇಟ್ ಅಂತ ಹೆಸರು. ಸುಮಾರು 10 ಸೆಕೆಂಡಿಗೆ ಖಾಲಿ. ಅದಕ್ಕೆ ಆಮ್ಲಜನಕ ಬರುವ ತನಕ ಕಾಯುವ ಕೆಲಸ ಇಲ್ಲ. ಎರಡನೆಯದು ಅಂಗಡಿಯ ಕೈಸಾಲ. ಆಮ್ಲಜನಕ ಇಲ್ಲದೆಯೇ ಸಕ್ಕರೆ ಒಡೆಯುವುದು, ಒಂದೆರಡು ನಿಮಿಷ ನಡೆಯುತ್ತದೆ. ಲ್ಯಾಕ್ಟಿಕ್ ಆಮ್ಲ ಬರುವುದು ಇಲ್ಲಿಂದ. ಮೂರನೆಯದು ದಿನಗೂಲಿ. ಆಮ್ಲಜನಕ ಬಳಸಿ ಸಕ್ಕರೆ, ಕೊಬ್ಬು ಸುಡುವುದು. ನಿಧಾನ, ಆದರೆ ಗಂಟೆಗಟ್ಟಲೆ ಬರುತ್ತದೆ.

ಖೋಖೋದಲ್ಲಿ ಒಂದು ಸಲ ಛಂಗನೆ ತಪ್ಪಿಸಿಕೊಳ್ಳಲು ಎಷ್ಟು ಹೊತ್ತು? ನಾಲ್ಕಾರು ಸೆಕೆಂಡ್. ಅದೆಲ್ಲ ಜೇಬಿನ ಚಿಲ್ಲರೆ. ಅವಳ ಚುರುಕಿಗೆ ರಕ್ತದ ಕೊರತೆ ಅಡ್ಡ ಬರುವುದಿಲ್ಲ. ಆದರೆ ಆ ಚಿಲ್ಲರೆಯನ್ನು ಮತ್ತೆ ತುಂಬಿಸಬೇಕಾದದ್ದು ದಿನಗೂಲಿಯಿಂದ. ಅಲ್ಲಿ ಅವಳು ಸೋಲುತ್ತಾಳೆ. ಎರಡನೇ ಸರದಿಯಲ್ಲಿ ಬೇಗ ಔಟ್ ಆಗುತ್ತಾಳಾ, ನೋಡಿ ಹೇಳಿ. ಹಿಲ್ ಇದನ್ನು ಆಮ್ಲಜನಕದ ಸಾಲ ಅಂತಲೇ ಕರೆದಿದ್ದ. ಆ ಹೆಸರು ಈಗ ಬದಲಾಗಿದೆ, ಆದರೆ ಮಂಡ್ಯದ ಮಕ್ಕಳಿಗೆ ಸಾಲ ಅಂದರೆ ಬೇಗ ಅರ್ಥವಾಗುತ್ತದೆ.

ಪಿಯು_ಬಯಾಲಜಿ · ಬುಧವಾರ ಬೆಳಗ್ಗೆ 9:05

ಇದಕ್ಕೆ ಲೆಕ್ಕ ನಾನು ಕೊಡುತ್ತೇನೆ. ಒಂದು ಗ್ರಾಂ ಹಿಮೋಗ್ಲೋಬಿನ್ 1.34 ಮಿಲಿಲೀಟರ್ ಆಮ್ಲಜನಕ ಹೊರುತ್ತದೆ. 100 ಮಿಲಿ ರಕ್ತದಲ್ಲಿ 13 ಗ್ರಾಂ ಇದ್ದರೆ ಒಂದು ಲೀಟರ್ ರಕ್ತಕ್ಕೆ ಸುಮಾರು 174 ಮಿಲಿಲೀಟರ್. 9 ಗ್ರಾಂ ಇದ್ದರೆ ಸುಮಾರು 121. ಗಾಡಿ ಅದೇ, ಹೊರೆ ಕಮ್ಮಿ. ಅಷ್ಟೇ ಕಬ್ಬು ಫ್ಯಾಕ್ಟರಿಗೆ ಮುಟ್ಟಬೇಕಾದರೆ ಟ್ರಿಪ್ ಜಾಸ್ತಿ ಹೊಡೆಯಬೇಕು. ನಾಡಿ ಏರುವುದು ಅದಕ್ಕೇ.

ಬೋಗಾದಿ_ಅಪ್ಪ · ಬುಧವಾರ ರಾತ್ರಿ 9:40

ಮಗಳು ಏಳನೇ ಕ್ಲಾಸ್. ಇವತ್ತು ಕೂತು ನಾಡಿ ಎಣಿಸಿದೆವು, 84. ಮನೆಯವಳು ಬೀಟ್‌ರೂಟ್ ಜ್ಯೂಸ್ ಶುರು ಮಾಡೋಣ ಅನ್ನುತ್ತಿದ್ದಾಳೆ. ಸರಿಯಾ?

ಪಿಎಚ್‌ಸಿ_ಸಿಸ್ಟರ್ · ಬುಧವಾರ ರಾತ್ರಿ 10:20

ಬೀಟ್‌ರೂಟ್ ಕೆಂಪು ಅಂತ ರಕ್ತ ಆಗುವುದಿಲ್ಲ. ಆ ಬಣ್ಣ ಕಬ್ಬಿಣದ್ದಲ್ಲ. ತಿನ್ನಲಿ, ಒಳ್ಳೆಯದೇ. ಆದರೆ ಅದನ್ನೇ ನಂಬಿ ಕೂರಬೇಡಿ. ಸೊಪ್ಪು, ಹುರುಳಿ, ಮೊಳಕೆ ಕಾಳು ತಿನ್ನುವಾಗ ಮೇಲೆ ನಿಂಬೆಹಣ್ಣು ಹಿಂಡಿ. ಸೊಪ್ಪು ಕಾಳಿನ ಕಬ್ಬಿಣ ಆಗ ಚೆನ್ನಾಗಿ ಮೈಗೆ ಹತ್ತುತ್ತದೆ. ಮಾಂಸ ತಿನ್ನುವವರಿಗೆ ಅದರಿಂದ ಇನ್ನೂ ಸುಲಭವಾಗಿ ಸಿಗುತ್ತದೆ. ಊಟದ ಜೊತೆಗೇ ಟೀ ಕುಡಿಯುವುದು ಬಿಡಿಸಿ. ಟೀ ಕಬ್ಬಿಣವನ್ನು ತಡೆಯುತ್ತದೆ.

ಮಂಡ್ಯದ_ಪಿಟಿ_ಮೇಷ್ಟ್ರು · ಮೂರು ವಾರದ ನಂತರ, ಶನಿವಾರ

ತಡವಾಯಿತು, ಕ್ಷಮಿಸಿ. ಮೂರು ದಿನ ಇಬ್ಬರು ಬೇರೆ ಬೇರೆ ಎಣಿಸಿದರು. 92, 96, 96. ಎಣಿಕೆ ಸರಿಯಾಗಿಯೇ ಇತ್ತು. ತಾಯಿಯ ಜೊತೆ ಮಾತಾಡಿದೆ. ಮೊದಲು ಅವರಿಗೆ ಸಿಟ್ಟು ಬಂತು. ನನ್ನ ಮಗಳಿಗೆ ಏನು ಖಾಯಿಲೆ ಅಂತೀರಿ, ಆಟ ಬಿಡಿಸುತ್ತೇನೆ ಅಂದರು. ನಮ್ಮ ಮೇಡಂ ಒಬ್ಬರನ್ನು ಜೊತೆಗೆ ಕರೆದುಕೊಂಡು ಎರಡನೇ ಸಲ ಹೋದ ಮೇಲೆ ಪರೀಕ್ಷೆಗೆ ಒಪ್ಪಿದರು. 8.6 ಬಂತು.

ಆಮೇಲೆ ಗೊತ್ತಾಯಿತು. ಸ್ಕೂಲಿನಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯನ್ನು ಅವಳು ನುಂಗುತ್ತಲೇ ಇರಲಿಲ್ಲ. ಒಮ್ಮೆ ಖಾಲಿ ಹೊಟ್ಟೆಯಲ್ಲಿ ನುಂಗಿ ವಾಕರಿಕೆ ಬಂದಿತ್ತಂತೆ, ಮಲ ಕಪ್ಪಾಗಿತ್ತಂತೆ. ಹೆದರಿ ಬಿಟ್ಟಿದ್ದಾಳೆ. ಗುಟ್ಟಾಗಿ ಕೇಳಿದರೆ ಅರ್ಧ ಕ್ಲಾಸ್ ಮಾತ್ರೆಯನ್ನು ಕಿಟಕಿಯಿಂದ ಆಚೆಗೆ ಎಸೆಯುತ್ತಿತ್ತು. ಕಿಟಕಿಯ ಕೆಳಗೆ ಹೋಗಿ ನೋಡಿದೆ. ನಿಜ.

ಖೋಖೋ ಬಗ್ಗೆ ಕೇಳಿದಿರಲ್ಲ ಸಾರ್. ಹಳೆಯ ಸ್ಕೋರ್ ಹಾಳೆ ತೆಗೆದೆ. ಎರಡನೇ ಸರದಿಯಲ್ಲಿ ಅವಳು ನಿಂತ ಸಮಯ ಮೊದಲನೆಯದರ ಅರ್ಧವೂ ಇಲ್ಲ. ಮೂರು ಪಂದ್ಯದಲ್ಲೂ ಹಾಗೇ. ನಾನು ಅದನ್ನು ಸೋಮಾರಿತನ ಅಂದುಕೊಂಡು ಬೈದಿದ್ದೆ.

ಪಿಎಚ್‌ಸಿ_ಸಿಸ್ಟರ್ · ಶನಿವಾರ ರಾತ್ರಿ 8:55

ಮಲ ಕಪ್ಪಾಗುವುದು ಮಾತ್ರೆಯ ಕಬ್ಬಿಣದಿಂದ. ಹೆದರುವಂಥದ್ದಲ್ಲ. ಇದನ್ನು ಮಾತ್ರೆ ಕೊಡುವ ಮುಂಚೆಯೇ ಮಕ್ಕಳಿಗೆ ಹೇಳಬೇಕು. ಯಾರೂ ಹೇಳುವುದಿಲ್ಲ. ಸ್ಕೂಲಿನಲ್ಲಿ ಬಿಸಿಯೂಟ ಆದ ಮೇಲೆ ನುಂಗಿಸಿ. ಆದರೆ 8.6ಕ್ಕೆ ವಾರದ ಮಾತ್ರೆ ಸಾಲದು. ಡಾಕ್ಟರು ಬರೆದುಕೊಟ್ಟಷ್ಟು ದಿನ ದಿನವೂ ತೆಗೆದುಕೊಳ್ಳಬೇಕು. ಸುಧಾರಿಸಿತು ಅಂತ ನಡುವೆ ಬಿಡುವ ಹಾಗಿಲ್ಲ. ಜಂತುಹುಳದ ಮಾತ್ರೆ ಫೆಬ್ರವರಿ 10, ಆಗಸ್ಟ್ 10ಕ್ಕೆ ಸ್ಕೂಲಿನಲ್ಲೇ ಕೊಡುತ್ತಾರೆ. ಅದೂ ಕಿಟಕಿಗೆ ಹೋಗದಂತೆ ನೋಡಿ.

ಸೈಕಲ್_ಕೆಆರ್‌ಎಸ್ · ಶನಿವಾರ ರಾತ್ರಿ 9:30

ಫಿಟ್ ಇಲ್ಲ ಅಂದಿದ್ದೆ. ವಾಪಸ್ ತೆಗೆದುಕೊಂಡೆ.

ಹತ್ತನೇ_ಬಿ_ಸೆಕ್ಷನ್ · ಭಾನುವಾರ ಬೆಳಗ್ಗೆ 10:12

ಇದನ್ನೇ ಮುಂದೆ ಓದಬೇಕಾದರೆ ಏನು ಮಾಡಬೇಕು? ನನಗೆ ಡಾಕ್ಟರ್ ಆಗಬೇಕು ಅಂತಿಲ್ಲ. ಓಡುವವರನ್ನು ಅಳೆಯುವ ಕೆಲಸ ಇಷ್ಟವಾಯಿತು.

ಪಿಯು_ಬಯಾಲಜಿ · ಭಾನುವಾರ ಮಧ್ಯಾಹ್ನ 12:40

ಪಿಯುನಲ್ಲಿ ಸೈನ್ಸ್ ತಗೋ, ಬಯಾಲಜಿ ಇರಲಿ. ಭೌತಶಾಸ್ತ್ರ ಬಿಡಬೇಡ, ಇದರಲ್ಲಿ ಅದೂ ಬೇಕು. ಉದಾಹರಣೆ ಕೊಡಲಾ? 50 ಕಿಲೋ ತೂಕದವರು ಚಾಮುಂಡಿ ಬೆಟ್ಟ ಹತ್ತುತ್ತಾರೆ. ಪಾದದಿಂದ ತುದಿಗೆ 250 ಮೀಟರ್ ಅಂತ ಇಟ್ಟುಕೋ. 50ನ್ನು 9.8ರಿಂದ, ಆಮೇಲೆ 250ರಿಂದ ಗುಣಿಸಿದರೆ 1,22,500 ಜೂಲ್. ಅಂದರೆ ಸುಮಾರು 29 ಕಿಲೋಕ್ಯಾಲೊರಿ. ಸ್ನಾಯು ಹೆಚ್ಚೆಂದರೆ ನಾಲ್ಕರಲ್ಲಿ ಒಂದು ಪಾಲನ್ನು ಮಾತ್ರ ಕೆಲಸಕ್ಕೆ ಹಾಕುತ್ತದೆ. ಉಳಿದದ್ದು ಶಾಖ. ಹಾಗಾಗಿ ಖರ್ಚು 120ರ ಹತ್ತಿರ. ಆ ಶಾಖ ಹೊರಗೆ ಹಾಕಲು ಬೆವರು. ಮೇಲೆ ಹೋಗಿ ತಿನ್ನುವ ಒಂದು ಮಸಾಲೆ ದೋಸೆ ಹತ್ತಿದ್ದಕ್ಕಿಂತ ಜಾಸ್ತಿ, ಬೇಜಾರು ಮಾಡ್ಕೋಬೇಡ.

ಆಮೇಲೆ ಫಿಸಿಯೋಥೆರಪಿ, ದೈಹಿಕ ಶಿಕ್ಷಣ, ಕ್ರೀಡಾ ವಿಜ್ಞಾನ ಹೀಗೆ ದಾರಿಗಳಿವೆ. ಗ್ವಾಲಿಯರ್‌ನಲ್ಲಿ ದೈಹಿಕ ಶಿಕ್ಷಣಕ್ಕೇ 1957ರಿಂದ ಒಂದು ದೊಡ್ಡ ಸಂಸ್ಥೆ ಇದೆ. ಪಟಿಯಾಲದಲ್ಲಿ 1961ರಿಂದ ಕೋಚ್‌ಗಳಿಗೆ ತರಬೇತಿ ಕೊಡುವ ಸಂಸ್ಥೆ ಇದೆ. ಹತ್ತಿರದಲ್ಲಿ ಅಂದರೆ ಮೈಸೂರು ವಿಶ್ವವಿದ್ಯಾನಿಲಯದಲ್ಲೇ ದೈಹಿಕ ಶಿಕ್ಷಣದ ವಿಭಾಗ ಇದೆ. ಒಂದು ದಿನ ಅಪ್ಪನ ಜೊತೆ ಹೋಗಿ ನೋಡಿಕೊಂಡು ಬಾ.

ಮಂಡ್ಯದ_ಪಿಟಿ_ಮೇಷ್ಟ್ರು · ನಾಲ್ಕು ತಿಂಗಳ ನಂತರ, ಮಂಗಳವಾರ

ಹಳೆಯ ಚರ್ಚೆ ಮೇಲೆ ತಂದಿದ್ದಕ್ಕೆ ಬೈಯಬೇಡಿ. ಹಿಮೋಗ್ಲೋಬಿನ್ 11.4. ಇನ್ನೂ 12 ಮುಟ್ಟಿಲ್ಲ, ಮಾತ್ರೆ ನಡೆಯುತ್ತಿದೆ. ಕೂತಾಗ ನಾಡಿ 80. ವೇದಿಕೆಯ ಮೇಲೆ ಹತ್ತಿಳಿದ ತಕ್ಷಣ 160, ಒಂದು ನಿಮಿಷಕ್ಕೆ 124. ಈ ಸಲ ಲೆಕ್ಕ ಅವಳ ನೋಟ್ಸಿನಲ್ಲಿ ಮಾತ್ರ ಇದೆ. ಇಲ್ಲಿ ಹಾಕಲು ಅವಳನ್ನೂ ತಾಯಿಯನ್ನೂ ಕೇಳಿಯೇ ಹಾಕಿದ್ದೇನೆ.

ಶನಿವಾರ ಎಲ್ಲರನ್ನೂ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ಬೆಳಗ್ಗೆ ಆರೂವರೆಗೆ ಹತ್ತಲು ಶುರು. ನೂರು ಮೆಟ್ಟಿಲಿಗೊಮ್ಮೆ ನಿಲ್ಲಿಸಿ ಎಣಿಸುವುದು ಅಂತ ಯೋಜನೆ. ಮುನ್ನೂರಕ್ಕೇ ಯೋಜನೆ ಬಿತ್ತು. ಮಂಗಗಳು ನೋಟ್ಸ್ ಕಿತ್ತುಕೊಂಡವು. 700 ಮೆಟ್ಟಿಲು ದಾಟಿ ನಂದಿಯ ಹತ್ತಿರ ಕೂತಾಗ ಮತ್ತೆ ಎಣಿಸಿದೆವು. ಮಕ್ಕಳೆಲ್ಲ ಸೇರಿ ನನ್ನ ಕೈ ಹಿಡಿದರು. 168. ಅವರಲ್ಲಿ ಅಷ್ಟು ಯಾರಿಗೂ ಇರಲಿಲ್ಲ. ಸಾರ್, ನಿಮ್ಮ ಕಣ್ಣಿನ ರೆಪ್ಪೆ ತೋರಿಸಿ ಅಂತ ಒಬ್ಬಳು ಕೇಳಿದಳು.

ಮೇಲೆ ಹೋಗಿ ಅಮ್ಮನ ದರ್ಶನ ಮಾಡಿ, ಪೂರ್ತಿ ಮೆಟ್ಟಿಲಲ್ಲೇ ಇಳಿದೆವು. ಸೋಮವಾರ ಪ್ರೇಯರ್‌ಗೆ ಒಂಬತ್ತನೇ ಕ್ಲಾಸ್ ಇಡೀ ಕಾಲು ಎಳೆದುಕೊಂಡು ಬಂತು. ಸ್ಟಾಫ್ ರೂಮಿನಿಂದ ನೋಡಿದ ಗಣಿತದ ಮೇಷ್ಟ್ರು, ಏನ್ರೋ, ಬೆಟ್ಟ ಹತ್ತಿ ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿತಾ ಅಂದರು. ಹಿಂದಿನ ಬೆಂಚಿನ ಹುಡುಗ ಗೋಡೆ ಹಿಡಿದುಕೊಂಡೇ ಹೇಳಿದ: ಇಲ್ಲ ಸಾರ್, ಇದು ಇಳಿದ ನೋವು.